ಒಂದೂವರೆ ಆಳಿನ ತಂಡ

ದೇಶದ ಮೊದಲ ಮಹಿಳಾ ಕ್ರಿಕೆಟ್ ತಂಡದ ಬಗ್ಗೆ ಕಾರ್ಯಕ್ರಮ ಮಾಡುತ್ತೇವೆ, ಬನ್ನಿ ಎಂದು ಟಿ.ವಿ.ಯವರು ಕರೆದಾಗ ಗುಬ್ಬಿ ಮೊದಲು ಒಲ್ಲೆನೆಂದಳು. ಗಂಡ ಬಿಡಲಿಲ್ಲ. "ಹೋಗ್ಬಾರೇ, ಇನ್ನೆಷ್ಟು ವರ್ಷ ಅದನ್ನ ಹೊಟ್ಟೇಲಿಟ್ಕೊಂಡು ಓಡಾಡ್ತೀಯ?"

ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದ ಅವಳು ಒಂದು ಕಾಲಕ್ಕೆ ಆ ತಂಡದ ವಿಕೆಟ್ ಕೀಪರ್. ಆಳು ಕುಳ್ಳಿ, ವಿಕೆಟ್ ಹಿಂದೆ ಕುಕ್ಕರಗಾಲಲ್ಲಿ ಕೂತರೆ ಗುಬ್ಬಿ ಕೂತಂತಿರುತ್ತಿತ್ತು. ಸ್ಪಿನ್ ಹಾಕುತ್ತಿದ್ದವಳು ಬುಗುರಿ. ದರ್ಜಿಯ ಅಂಗಡಿ ಇಟ್ಟುಕೊಂಡಿದ್ದಳು. ಕ್ರಿಕೆಟ್ ಮಂಡಳಿಯವರು ಉಡುಪು ಕೊಡದಿದ್ದಾಗ ಗಂಡಸರ ತಂಡದ ಹಳೆಯ ಪ್ಯಾಂಟುಗಳ ಹೊಲಿಗೆ ಬಿಚ್ಚಿ, ಎಲ್ಲರ ಅಳತೆಗೆ ಹೊಲಿದು ಕೊಟ್ಟವಳೂ ಅವಳೇ.

ಮೊದಮೊದಲು ತಂಡ ಸೋತದ್ದೇ ಸೋತದ್ದು. ವೇಗದ ಬೌಲರುಗಳಲ್ಲಿ ವೇಗವೊಂದು ಬಿಟ್ಟು ಉಳಿದೆಲ್ಲ ಇತ್ತು. ಬ್ಯಾಟಿಂಗಿನಲ್ಲಿ ಸ್ಕೂಲ್ ಟೀಚರೊಬ್ಬಳು ಕದಲದೆ ನಿಂತರೆ ಉಂಟು, ಇಲ್ಲದಿದ್ದರೆ ಇಲ್ಲ. ಬುಗುರಿ ಬಂದ ಮೇಲೆ ಗೆಲುವಿನ ರುಚಿ ಹತ್ತಿತು. ಅವಳ ಚೆಂಡು ಎತ್ತ ತಿರುಗುತ್ತದೆಂಬುದು ಎದುರಾಳಿಗಳಿಗಿರಲಿ, ಸ್ವಂತ ತಂಡದವರಿಗೂ ತಿಳಿಯುತ್ತಿರಲಿಲ್ಲ. ಗುಬ್ಬಿಗೆ ಮಾತ್ರ ತಿಳಿಯುತ್ತಿತ್ತು. "ಊಟ ಆಯ್ತೇನೇ?" ಎಂದು ಹಿಂದಿನಿಂದ ಕೂಗುವಳು. ಬುಗುರಿ "ಇನ್ನೂ ಇಲ್ಲ ಕಣೇ" ಎಂದರೆ ಚೆಂಡು ಹೊರಕ್ಕೆ ತಿರುಗುತ್ತದೆ ಎಂದರ್ಥ. ಬ್ಯಾಟು ಬೀಸಿ ಮುಂದೆ ಬಂದವಳು ಹಿಂದಿರುಗಿ ನೋಡುವಷ್ಟರಲ್ಲಿ ಬೇಲ್ಸ್ ಹಾರಿರುತ್ತಿದ್ದವು. ಭಾಷೆ ಬಾರದ ಪರದೇಶದ ಹುಡುಗಿಯರು ಇದೇನೋ ಮಂತ್ರವೆಂದುಕೊಂಡಿದ್ದರು.

ಪತ್ರಿಕೆಯವನೊಬ್ಬ ಇವರನ್ನು "ಒಂದೂವರೆ ಆಳಿನ ತಂಡ" ಎಂದು ಬರೆದ. ಅರ್ಧ ಯಾರೆಂದು ಬರೆಯಲಿಲ್ಲ.

ಪರದೇಶದ ದೊಡ್ಡ ಪಂದ್ಯಾವಳಿಗೆ ಮೊದಲ ಸಲ ಕರೆ ಬಂತು. ಹೊರಡುವ ಮುಂಚೆ ರೇಡಿಯೋದವರು ಬುಗುರಿಯನ್ನು ಮಾತನಾಡಿಸಿದರು. ನಿಮ್ಮ ತಂಡದ ಶಕ್ತಿ ಯಾವುದು ಎಂದು ಕೇಳಿದರೆ, "ಇನ್ಯಾವುದು? ನನ್ನ ಈ ಎರಡು ಬೆರಳು!" ಎಂದು ನಕ್ಕುಬಿಟ್ಟಳು. ಲ್ಯಾಬಿನಲ್ಲಿ ಎಲ್ಲರೂ ಕೇಳುತ್ತಿದ್ದರು. "ಹಾಗಾದ್ರೆ ಆ ಅರ್ಧ ಆಳು ನೀನೇ ಅನ್ನು," ಎಂದ ಜೊತೆಗಾರ. ಗುಬ್ಬಿಯೂ ನಕ್ಕಳು. ಒಳಗೆ ಮಾತ್ರ ಮುಳ್ಳು ಮುರಿದುಕೊಂಡಿತ್ತು. ಮರುದಿನ ದೊಡ್ಡ ಡಾಕ್ಟರ ಬಳಿ ಹೋಗಿ, ಮಂಜೂರಾಗಿದ್ದ ರಜೆಯನ್ನು ಬೇಡವೆಂದು ಹೇಳಿ ಬಂದಳು. ತಂಡದವರಿಗೆ ರಜೆ ಸಿಗಲಿಲ್ಲವೆಂದಳು.

ತಂಡ ಹೇಗೋ ಏಗಿಕೊಂಡು ಫೈನಲ್ ತಲುಪಿತು. ಗುಬ್ಬಿಯ ಗ್ಲೌಸು ತೊಟ್ಟವಳು ಟೀಚರು. ಬುಗುರಿ ಎದುರಾಳಿ ನಾಯಕಿಯನ್ನು ಎರಡು ಸಲ ಮುಂದಕ್ಕೆಳೆದು ಏಮಾರಿಸಿದಳು. ಎರಡು ಸಲವೂ ಚೆಂಡು ಟೀಚರ ಕೈತಪ್ಪಿ ಬೌಂಡರಿ ಸೇರಿತು. ಆ ನಾಯಕಿಯೇ ನಿಂತು ಆಡಿ ತನ್ನ ತಂಡವನ್ನು ಗೆಲ್ಲಿಸಿದಳು. "ಅಯ್ಯೋ, ಗುಬ್ಬಿ ಇದ್ದಿದ್ದರೆ!" ಎಂದು ರೇಡಿಯೋದಲ್ಲಿ ಕಾಮೆಂಟರಿಯವರು ಹಲುಬಿದರು. ಗುಬ್ಬಿ ಎದ್ದು ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಳು.

ಆಮೇಲೆ ಮಂಡಳಿ ಕೈಚೆಲ್ಲಿತು. ಮತ್ತೆ ತಂಡ ಕಟ್ಟುವ ಹೊತ್ತಿಗೆ ಇವರ ವಯಸ್ಸು ದಾಟಿತ್ತು. ಬುಗುರಿಯ ಅಂಗಡಿಯಿದ್ದ ಬೀದಿಗೆ ಗುಬ್ಬಿ ಕಾಲಿಡಲಿಲ್ಲ.

ಈಗ ಟಿ.ವಿ.ಯವರ ಮೇಕಪ್ ಕೋಣೆಯಲ್ಲಿ ಅಕ್ಕಪಕ್ಕದ ಕುರ್ಚಿ.

"ದಪ್ಪ ಆಗಿದ್ದೀಯಲ್ಲೇ," ಎಂದಳು ಬುಗುರಿ.

"ನೀನೇನು ಕಡ್ಡೀನಾ?" ಎಂದ ಗುಬ್ಬಿ, ಅದೇ ಉಸಿರಲ್ಲಿ, "ನಂಗೆ ರಜೆ ಸಿಕ್ಕಿತ್ತು ಕಣೇ. ನಾನೇ ಬೇಡ ಅಂದೆ," ಎಂದಳು.

"ಗೊತ್ತು. ರಜೆ ಯಾಕೆ ಕೊಡ್ಲಿಲ್ಲ ಅಂತ ಜಗಳ ಆಡೋಕೆ ನಿಮ್ಮ ಡಾಕ್ಟ್ರ ಹತ್ರ ಹೋಗಿದ್ದೆ. ಅವರೇ ಹೇಳಿದ್ರು."

"ಮತ್ತೆ ನನ್ನ ಹತ್ರ ಯಾಕೆ ಬರ್ಲಿಲ್ಲ?"

"ಕೋಪ. ನೀನಾಗಿ ಬಂದು ಹೇಳ್ಲಿ ಅಂತ ಕಾದೆ. ಕಾಯ್ತಾ ಕಾಯ್ತಾ ಹೀಗಾಯ್ತು."

ಗುಬ್ಬಿ ರೇಡಿಯೋದಲ್ಲಿ ಆಡಿದ್ದ ಎರಡು ಬೆರಳಿನ ಮಾತನ್ನು ನೆನಪಿಸಿದಳು. ಬುಗುರಿ ತನ್ನ ಬೆರಳುಗಳನ್ನು ನೋಡಿಕೊಂಡಳು.

"ಆ ಬೆರಳಲ್ಲಿ ನೀನೂ ಸೇರಿದ್ದೆ ಅಂತ ಈಗ ಹೇಳ್ಬಹುದು. ಸುಳ್ಳು ಯಾಕೆ? ಆಗ ನನ್ನ ಕಾಲು ನೆಲದ ಮೇಲಿರ್ಲಿಲ್ಲ. ನಿನ್ನ ನೆನಪೇ ಆಗ್ಲಿಲ್ಲ ಕಣೇ." ಆಮೇಲೆ ತಗ್ಗಿದ ದನಿಯಲ್ಲಿ, "ಟೀಚರು ಹೋದ ವರ್ಷ ತೀರ್ಕೊಂಡ್ಳು. ಗೊತ್ತಾಯ್ತಾ?"

ಗೊತ್ತಿರಲಿಲ್ಲ.

"ಕೊನೇವರೆಗೂ ಅವಳದ್ದು ಒಂದೇ ಹಾಡು. ದೇಶ ನನ್ನಿಂದ ಸೋತಿತು ಅಂತ. ಬಿಡೇ ಅಂದ್ರೂ ಬಿಡ್ತಿರ್ಲಿಲ್ಲ."

ತನ್ನ ನೋವು, ಬುಗುರಿಯ ಸೊಕ್ಕು ಎಂದು ಗುಬ್ಬಿ ಇಷ್ಟು ವರ್ಷ ಲೆಕ್ಕ ಹಾಕಿದ್ದಳೇ ಹೊರತು ಮೂರನೆಯವಳೊಬ್ಬಳು ಅದನ್ನು ಹೊತ್ತಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಕ್ಯಾಮೆರಾದ ಮುಂದೆ ಅವಳು ಎಲ್ಲವನ್ನೂ ಹೇಳಿದಳು. ಟೀಚರದ್ದು ತಪ್ಪಲ್ಲ, ಕೀಪಿಂಗ್ ಅವಳ ಕೆಲಸವೇ ಅಲ್ಲ, ಹೋಗಬೇಕಾದವಳು ನಾನು, ಹೋಗಲಿಲ್ಲ ಎಂದಳು.

ಹೊರಗೆ ಬಂದು, ಬುಗುರಿಯಿಂದ ನಂಬರು ತೆಗೆದುಕೊಂಡು ಟೀಚರ ಮಗಳಿಗೆ ಫೋನ್ ಮಾಡಿ ಅದನ್ನೇ ಮತ್ತೆ ಹೇಳಿದಳು.

ಮಗಳು ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ. "ಇದನ್ನ ಅಮ್ಮಂಗೆ ಹೇಳ್ಬೇಕಿತ್ತು ಆಂಟಿ," ಎಂದಳು.

"ಹೌದಮ್ಮಾ," ಎಂದಳು ಗುಬ್ಬಿ.