ಗುಬ್ಬಿಗೆ ಅಳು ಕಲಿಸಿದವಳು

ಗುಬ್ಬಿ ಆ ಸಂಜೆ ಅಂಗಿಯ ಗುಂಡಿಗಳನ್ನೆಲ್ಲ ತಾನೇ ಹಾಕಿಕೊಂಡು ಬಂದು ಹೊಲಿಗೆ ಮಿಷನ್ನಿನ ಮುಂದೆ ಎದೆಯುಬ್ಬಿಸಿ ನಿಂತಾಗ ಅವಳ ತಾಯಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

"ಯಾರು ಕಲಿಸಿದ್ದು?" ಎಂದು ಕೇಳಿದಳು, ಉತ್ತರ ಗೊತ್ತಿದ್ದೂ.

"ಚಿಕ್ಕಮ್ಮ."

ಆ ಅಂಗಿಯ ಬಟ್ಟೆ ಕತ್ತರಿಸಿದ್ದು, ಹೊಲಿದದ್ದು, ಕಾಜ ತೆಗೆದದ್ದು, ಗುಂಡಿ ಹಚ್ಚಿದ್ದು ಎಲ್ಲ ತಾಯಿ. ಬೀದಿಯ ಅರ್ಧ ಜನರ ಮಾನ ನಿಂತಿರುವುದೇ ಅವಳ ದಾರದ ಮೇಲೆ ಎಂದು ಗಂಡ ತಮಾಷೆ ಮಾಡುತ್ತಿದ್ದ. ಮಗಳಿಗೆ ಗುಂಡಿ ಹಾಕಲು ಕಲಿಸಬೇಕೆಂದು ಅವಳೂ ಅಂದುಕೊಂಡಿದ್ದಳು. ಇವತ್ತು ನಾಳೆ ಎನ್ನುತ್ತ, ಬೆಳಗಿನ ಗಡಿಬಿಡಿಯಲ್ಲಿ ತಾನೇ ಹಾಕಿ ಕಳಿಸಿಬಿಡುತ್ತಿದ್ದಳು. ಅಷ್ಟರೊಳಗೆ ಓರಗಿತ್ತಿ ಆ ಕೆಲಸ ಮುಗಿಸಿದ್ದಳು.

ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದರು, ಹಾಗಾಗಿ ಸೊಸೆಯರೂ ಒಂದೇ ಒಲೆಯ ಮುಂದೆ. ದೊಡ್ಡವಳು, ಗುಬ್ಬಿಯ ತಾಯಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಹಾಕುತ್ತಿದ್ದಳು. ಚಿಕ್ಕವಳು ಮದುವೆಗೆ ಮುಂಚೆ ಸಣ್ಣ ಮಕ್ಕಳಿಗೆ ಕಲಿಸುವ ತರಬೇತಿ ಪಡೆದವಳು. ಹೋದ ವರ್ಷ ಬೇಕರಿ ಯಜಮಾನರ ಕೈಕಾಲು ಹಿಡಿದು, ಬೇಕರಿಯ ಹಿಂದಿನ ಖಾಲಿ ಕೋಣೆಯಲ್ಲಿ ಶಿಶುವಿಹಾರ ತೆರೆದಿದ್ದಳು. ಗುಬ್ಬಿ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದಳಲ್ಲ, ಅಲ್ಲಿಗೆ ಬಂದ ಮಕ್ಕಳೆಲ್ಲ ಹಾಗೇ ಕರೆದವು. ಮಕ್ಕಳ ಬಾಯಿಂದ ತಾಯಂದಿರಿಗೆ, ತಾಯಂದಿರಿಂದ ಬೀದಿಗೆ ಹಬ್ಬಿ, ತಲೆ ನರೆತ ಗಡಿಯಾರ ರಿಪೇರಿಯವನೂ "ಚಿಕ್ಕಮ್ಮನೋರೇ" ಎನ್ನತೊಡಗಿದ. ದೊಡ್ಡವಳನ್ನು ದೊಡ್ಡಮ್ಮ ಎಂದು ಯಾರೂ ಕರೆಯಲಿಲ್ಲ. ಅವಳು "ಆ ಟೈಲರಮ್ಮ" ಆಗಿಯೇ ಉಳಿದಳು.

ಅತ್ತೆಯ ಬಾಯಿಗಂತೂ ಬೀಗವಿರಲಿಲ್ಲ. "ಚಿಕ್ಕವಳ ಕೈಗೆ ಸಿಕ್ಕಿ ಈ ಬೀದಿ ಮಕ್ಕಳೆಲ್ಲ ಮನುಷ್ಯರಾದ್ವು" ಎಂದಳು ಒಂದು ದಿನ.

"ಮೊದಲೇನು ಕೋತಿಗಳಾಗಿದ್ವಾ ಅತ್ತೆ?"

"ನಿನ್ನ ಮಗಳಾಗಿದ್ಲು. ಬೇರೆಯವರದ್ದು ನಂಗೊತ್ತಿಲ್ಲ."

ಚಿಕ್ಕವಳು ಕೆಟ್ಟವಳಾಗಿದ್ದರೆ ದೊಡ್ಡವಳಿಗೆ ಎಷ್ಟೋ ಸುಲಭವಾಗುತ್ತಿತ್ತು. ಅವಳು "ಅಕ್ಕಾ" ಎಂದೇ ಮಾತು ಶುರು ಮಾಡುತ್ತಿದ್ದಳು. ಗುಬ್ಬಿ ಅಲ್ಲಿಗೆ ಹೋಗತೊಡಗಿದ ಮೇಲೆ ದೊಡ್ಡವಳ ಬೆಳಗುಗಳು ಬಿಡುವಾಗಿ, ಹೊಲಿಗೆ ಹೆಚ್ಚು ಸಾಗುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ಇನ್ನಷ್ಟು ಉರಿ. ಉಪಕಾರ ಮಾಡಿದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಲು ದಣಿವಿನ ಕೆಲಸ. ಒಂದು ಕ್ಷಣವೂ ಪುರಸೊತ್ತು ಸಿಗುವುದಿಲ್ಲ.

ವರ್ಷ ತುಂಬುತ್ತಲೇ ಬೇಕರಿ ಯಜಮಾನರು ರಾಗ ಬದಲಿಸಿದರು. ವ್ಯಾಪಾರ ಕುದುರಿತ್ತು, ಹಿಟ್ಟಿನ ಮೂಟೆ ಇಡಲು ಜಾಗ ಬೇಕಾಗಿತ್ತು. ಸೋಮವಾರ ಬಂದು ಕಣ್ಣಾರೆ ನೋಡುತ್ತೇನೆ, ತಾಯಂದಿರೂ ಇರಲಿ, ಆಮೇಲೆ ತೀರ್ಮಾನ ಎಂದರು. ಚಿಕ್ಕವಳು ಊಟ ಬಿಟ್ಟಳು. ತೊಳೆದ ಆಟಿಕೆಗಳನ್ನೇ ಮತ್ತೆ ಮತ್ತೆ ತೊಳೆದಳು.

ದೊಡ್ಡವಳು ಲೆಕ್ಕ ಹಾಕಿದಳು. ಕೋಣೆ ಹೋದರೆ ಓರಗಿತ್ತಿ ಮತ್ತೆ ಬರೀ ಚಿಕ್ಕ ಸೊಸೆ. ಗುಬ್ಬಿ ಮತ್ತೆ ಮಿಷನ್ನಿನ ಕೆಳಗೆ ಕೂತು ಬಟ್ಟೆ ಚೂರು ಆಯುತ್ತ, ಏನಿದ್ದರೂ ಅಮ್ಮನನ್ನೇ ಕೇಳುತ್ತಾಳೆ. ಭಾನುವಾರ ಮಧ್ಯಾಹ್ನ ಮಗಳನ್ನು ಮಾಳಿಗೆಗೆ ಕರೆದುಕೊಂಡು ಹೋದಳು.

"ನಾಳೆ ಆ ದೊಡ್ಡವರು ಬಂದು ಕೂತ್ಕೋತಾರಲ್ಲ, ಆಗ ನೀನು ಜೋರಾಗಿ ಅಳಬೇಕು. ಅಮ್ಮ ಬೇಕು, ಮನೆಗೆ ಹೋಗ್ಬೇಕು ಅಂತ."

"ನೀನು ಅಲ್ಲೇ ಇರ್ತೀಯಲ್ಲಮ್ಮ?"

"ಇದ್ರೂ ಅಳಬೇಕು."

"ಯಾವಾಗ ನಿಲ್ಲಿಸ್ಲಿ?"

"ನಾನು ಸಾಕು ಅಂದಾಗ."

ಗುಬ್ಬಿಗೆ ಇದು ಹೊಸ ಆಟ. ತುಟಿ ಹೇಗೆ ಅದುರಿಸಬೇಕು, ಕಣ್ಣು ಹೇಗೆ ಉಜ್ಜಬೇಕು, ಉಸಿರು ಎಲ್ಲಿ ಎಳೆಯಬೇಕು ಎಂಬುದನ್ನೆಲ್ಲ ತಾಯಿ ತೋರಿಸಿಕೊಟ್ಟಳು. ಮಗಳು ಕಣ್ಣು ಮಿಟುಕಿಸದೆ ಅವಳ ಬಾಯನ್ನೇ ನೋಡುತ್ತ ಕಲಿತಳು. ಎಷ್ಟೋ ದಿನಗಳ ಮೇಲೆ ಗುಬ್ಬಿ ಪೂರ್ತಿ ತನ್ನವಳಾಗಿದ್ದಳು. ಮಾಡುತ್ತಿರುವುದು ತಪ್ಪು ಎಂದು ದೊಡ್ಡವಳಿಗೆ ಅನಿಸದೆ ಇರಲಿಲ್ಲ. ಆದರೆ ಪಾಠ ಅರ್ಧಕ್ಕೆ ನಿಲ್ಲಿಸಲು ಮನಸ್ಸು ಬರಲಿಲ್ಲ.

ಸೋಮವಾರ ಯಜಮಾನರು ಮಕ್ಕಳ ಕುರ್ಚಿಯ ಮೇಲೆ, ಮಂಡಿ ಗದ್ದಕ್ಕೆ ತಾಗುವಂತೆ ಕೂತರು. ತಾಯಂದಿರು ಗೋಡೆಗೊರಗಿ ಚಾಪೆಯ ಮೇಲೆ ಕೂತರು. ಅವರಲ್ಲಿ ಇಸ್ತ್ರಿ ಅಂಗಡಿಯವಳೂ ಇದ್ದಳು. ಅವಳ ಮಗ ಮೊದಲು ಸಿಕ್ಕಸಿಕ್ಕವರನ್ನು ಕಚ್ಚಿ ಬೀದಿಯಲ್ಲಿ ಇಲಿ ಎಂದೇ ಹೆಸರಾದವನು. ಮಕ್ಕಳು ಮರದ ಕುದುರೆಯ ಸವಾರಿಗೆ ಸಾಲಾಗಿ ನಿಂತಿದ್ದವು.

ಗುಬ್ಬಿ ಶುರು ಮಾಡಿದಳು. ಕಲಿಸಿದ್ದಕ್ಕಿಂತ ಒಂದು ಕೈ ಮೇಲೆಯೇ ಅತ್ತಳು. ಯಜಮಾನರ ಹುಬ್ಬು ಗಂಟಾಯಿತು. ದಿನಾ ಹೀಗೇನಾ ಎಂದು ಕೇಳಿದರು. ದೊಡ್ಡವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಚಿಕ್ಕವಳು ಓಡಿ ಬರಲಿಲ್ಲ. ಕೈಕಟ್ಟಿ ನಿಂತಲ್ಲೇ ನಿಂತು ಮಕ್ಕಳನ್ನು ನೋಡಿದಳು.

ಒಂದು ಹುಡುಗಿ ಎರಡೂ ಕೈಯಲ್ಲಿ ಲೋಟ ಹಿಡಿದು, ನೀರು ತುಳುಕದ ಹಾಗೆ ಹೆಜ್ಜೆ ಇಡುತ್ತ ಬಂದಳು. ಇನ್ನೊಬ್ಬ ತನ್ನ ಕರವಸ್ತ್ರದಿಂದ ಗುಬ್ಬಿಯ ಮೂಗು ಒರೆಸಿದ. ಇಲಿ ಕುದುರೆಯಿಂದ ಇಳಿದ. ಅದು ಅವನ ಸರದಿ, ಆಗಷ್ಟೇ ಹತ್ತಿದ್ದ. ಕುದುರೆಯನ್ನು ಎಳೆದುಕೊಂಡು ಬಂದು ಗುಬ್ಬಿಯ ಮುಂದೆ ನಿಲ್ಲಿಸಿ, "ನೀನು ಹತ್ತು. ಅಮ್ಮ ಸಾಯಂಕಾಲ ಬರ್ತಾಳೆ" ಎಂದ, ಚಿಕ್ಕಮ್ಮ ದಿನಾ ಹೇಳುವ ಧಾಟಿಯಲ್ಲೇ. ಇಸ್ತ್ರಿಯವಳು ಬಾಯಿಗೆ ಕೈ ಅಡ್ಡ ಹಿಡಿದಳು.

ಗುಬ್ಬಿ ಕುದುರೆ ನೋಡಿದಳು. ಅಳು ಸಡಿಲವಾಯಿತು. ಆದರೂ ಮಾತಿಗೆ ತಪ್ಪುವ ಹುಡುಗಿಯಲ್ಲ, ಇಲಿಯ ಭುಜದ ಮೇಲಿಂದ ಇಣುಕಿ ಎಲ್ಲರಿಗೂ ಕೇಳುವಂತೆ ಕೇಳಿದಳು: "ಅಮ್ಮ, ಸಾಕಾ?"

ದೊಡ್ಡವಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

"ಸಾಕು ಗುಬ್ಬಿ" ಎಂದಳು ಚಿಕ್ಕವಳು, ಓರಗಿತ್ತಿಯ ಕಡೆ ತಿರುಗಿಯೂ ನೋಡದೆ. "ಮುಖ ತೊಳ್ಕೊಂಡು ಬಂದು ಕುದುರೆ ಹತ್ತು."

ಯಜಮಾನರಿಗೆ ಅರ್ಥವಾಯಿತೋ ಇಲ್ಲವೋ, ಗಂಟಲು ಸರಿಮಾಡಿಕೊಂಡರು. ಮಕ್ಕಳೇನೋ ಚಿನ್ನದಂಥವು, ಆದರೆ ಹಿಟ್ಟನ್ನು ತಲೆಯ ಮೇಲೆ ಇಟ್ಟುಕೊಳ್ಳಲಾಗುತ್ತದೆಯೇ ಎಂದರು. ಆಮೇಲೆ ನೇರವಾಗಿ ದೊಡ್ಡವಳ ಕಡೆ ತಿರುಗಿದರು. "ಟೈಲರಮ್ಮ, ನೀವು ಇವರ ಮನೆಯೋರೇ. ದಿನಾ ಬೀದಿ ನೋಡ್ತಾ ಕೂತಿರೋರು. ಇದರಿಂದ ಬೀದಿಗೇನು ಬಂತು ಹೇಳಿ. ದಾಕ್ಷಿಣ್ಯ ಬೇಡ."

ಇಡೀ ವರ್ಷ ಅವಳು ಕಾದದ್ದು ಇದಕ್ಕೇ. ಏನೂ ಬರಲಿಲ್ಲ ಎಂದುಬಿಟ್ಟರೆ ಸಾಕಿತ್ತು. ಬಾಯಿ ತೆರೆದಳು. ಆದರೆ ಬಾಯಿಗೆ ಬಂದದ್ದು ಒಂದು ಲಂಗ.

"ಇಸ್ತ್ರಿಯವರ ದೊಡ್ಡ ಹುಡುಗಿ ಇದಾಳಲ್ಲ, ಈ ಇಲಿಯ ಅಕ್ಕ. ಶಾಲೆ ಬಿಟ್ಟು ಇವನನ್ನ ಸೊಂಟದ ಮೇಲೆ ಹೊತ್ಕೊಂಡೇ ಬೆಳೆದೋಳು. ಸೊಂಟ ಒಂದು ಕಡೆ ವಾಲಿ ಲಂಗ ಎಡಗಡೆ ಮೇಲೆ ಹೋಗ್ತಿತ್ತು. ಅದಕ್ಕೆ ನಾನು ಎಡಗಡೆ ಉದ್ದ ಬಿಟ್ಟು ಹೊಲೀತಿದ್ದೆ. ಇವನು ಇಲ್ಲಿಗೆ ಬರೋಕೆ ಶುರು ಮಾಡಿದ ಮೇಲೆ ಅವಳು ಮತ್ತೆ ಶಾಲೆಗೆ ಹೋದ್ಲು, ಆ ಶಾಲೆ ಲಂಗಾನೂ ಅಭ್ಯಾಸ ಬಲದಿಂದ ಹಾಗೇ ಹೊಲಿದೆ. ಹುಡುಗಿ ಹಾಕ್ಕೊಂಡ್ಲು, ಎಡಗಡೆ ಜೋತುಬಿತ್ತು. ನಾನೇ ತಪ್ಪು ಕತ್ತರಿಸ್ದೆ ಅಂದ್ಕೊಂಡೆ. ತಪ್ಪು ಲಂಗದ್ದಲ್ಲ, ಅವಳು ನೆಟ್ಟಗೆ ನಿಂತಿದ್ಲು. ಬಿಚ್ಚಿ ಸರಿ ಮಾಡಿಕೊಟ್ಟೆ. ಬೀದಿಗೆ ಏನು ಬಂತು ಅಂದ್ರೆ ನಂಗೆ ಗೊತ್ತಿರೋದು ಇಷ್ಟೇ."

ಯಜಮಾನರು ಕುದುರೆಯ ಮೇಲಿದ್ದ ಗುಬ್ಬಿಯನ್ನು ನೋಡಿದರು. ಬೇಕರಿ ಕೆಲಸಕ್ಕೆ ಬರುವ ಹೆಂಗಸರೂ ಮಕ್ಕಳನ್ನು ಇಲ್ಲಿ ಬಿಟ್ಟು ಈಗ ಹೊತ್ತಿಗೆ ಸರಿಯಾಗಿ ಬರುತ್ತಾರೆ, ನಿಜ ಎಂದರು. ಕಷ್ಟಪಟ್ಟು ಎದ್ದರು, ಕುರ್ಚಿ ಅವರ ಜೊತೆಗೇ ಎದ್ದಿತು. ಅದನ್ನು ಬಿಡಿಸಿಕೊಳ್ಳುತ್ತ, "ಹಿಟ್ಟಿಗೆ ಬೇರೆ ಕಡೆ ನೋಡ್ತೀನಿ" ಎಂದರು.

ತಾಯಂದಿರೆಲ್ಲ ಚಿಕ್ಕಮ್ಮನನ್ನು ಮುತ್ತಿಕೊಂಡರು. ದೊಡ್ಡವಳು ಚಪ್ಪಲಿ ಹುಡುಕುತ್ತಿದ್ದಾಗ ಯಾರೋ ಹಿಂದಿನಿಂದ ಹೇಳುವುದು ಕೇಳಿಸಿತು: ಚಿಕ್ಕಮ್ಮನ ಓರಗಿತ್ತಿ ಚೆನ್ನಾಗಿ ಮಾತಾಡಿದರು. ತಾನು ಆಡಿದ ಮಾತೂ ಚಿಕ್ಕವಳ ಖಾತೆಗೇ ಹೋಯಿತು.

ಸಂಜೆ ಚಿಕ್ಕವಳು ಪಾತ್ರೆ ತೊಳೆಯುತ್ತಿದ್ದಳು, ದೊಡ್ಡವಳು ಒರೆಸಿ ಇಡುತ್ತಿದ್ದಳು.

"ಅಕ್ಕಾ" ಎಂದಳು ಚಿಕ್ಕವಳು, ನಲ್ಲಿಯ ಕಡೆ ಮುಖ ಮಾಡಿಕೊಂಡೇ. "ಗುಬ್ಬಿಗೆ ಅಳೋದು ಯಾರು ಕಲಿಸಿದ್ರೋ, ಚೆನ್ನಾಗೇ ಕಲಿಸಿದಾರೆ."

ದೊಡ್ಡವಳು ತಟ್ಟೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಒರೆಸಿದಳು.

"ನಾನು ಕಲಿಸಿದ್ದೂ ಒಂದಿರಲಿ ಅಂತ" ಎಂದಳು.

ಚಿಕ್ಕವಳು ಇನ್ನೊಂದು ಲೋಟ ತೊಳೆದು ಚಾಚಿದಳು, ದೊಡ್ಡವಳು ತೆಗೆದುಕೊಂಡಳು. ಅಷ್ಟರಲ್ಲಿ ಗುಬ್ಬಿ ಬಾಗಿಲಲ್ಲಿ ಬಂದು ನಿಂತಳು.

"ನಾಳೆನೂ ಅಳಬೇಕಾ?"

"ಬೇಡ" ಎಂದರು ಇಬ್ಬರೂ ಒಟ್ಟಿಗೆ.

ಗುಬ್ಬಿ ಮೊದಲು ಚಿಕ್ಕಮ್ಮನ ಮುಖ ನೋಡಿದಳು, ಆಮೇಲೆ ಅಮ್ಮನದು. ಕೈಯಲ್ಲಿದ್ದ ಲೋಟದ ನೀರು ಆರುವ ಮೊದಲೇ ದೊಡ್ಡವಳು ಮೊದಲು ಯಾರ ಮುಖ ನೋಡಿದಳು ಎಂಬುದನ್ನೂ ಗಮನಿಸಿದ್ದಳು.