ಬಿರುಕಿನ ಮೇಲಿನ ಸಾಕ್ಷಿ

ಈ ಕೈಗಿಷ್ಟು ಬೆಂಕಿ ಹಾಕ! ಬಿರುಕು ಕಂಡರೆ ಸುಮ್ಮನಿರದ ಬಣ್ಣದವನ ಕೈ ಇದು.

ನಮ್ಮೂರು ಹುಚಿತಾನ್‌ನಲ್ಲಿ ಭೂಮಿ ನಡುಗಿ ಒಂಬತ್ತು ದಿನವಾಗಿತ್ತು. ಕೇರಿಯವರೆಲ್ಲ ಅಂಗಳದಲ್ಲಿ ಮಲಗುತ್ತಿದ್ದರೂ ನನ್ನ ಸೋದರತ್ತೆ ನಿಕನೋರಾ ಮನೆ ಬಿಟ್ಟು ಕದಲಿರಲಿಲ್ಲ. ಸತ್ತವರ ಹಬ್ಬಕ್ಕೆ ಗಂಡನ ಆತ್ಮ ಬರುವ ಮನೆ ಕೊಳಕಾಗಿರಬಾರದೆಂದು ಬಣ್ಣ ಹೊಡೆಯಲು ನನ್ನನ್ನು ಕರೆಸಿದ್ದಳು.

ಅವಳು ಮಲಗುವ ಜೋಲಿ ಕಟ್ಟಿದ್ದ ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಬಿರುಕಿತ್ತು. ಅದಕ್ಕೆ ಅಡ್ಡವಾಗಿ ಅಂಗೈ ಅಗಲದ ಜಿಪ್ಸಮ್ ಪಟ್ಟಿ, ಪೆನ್ಸಿಲ್ಲಿನಲ್ಲಿ ಬರೆದ ತಾರೀಕು. ಪಟ್ಟಿಯೂ ನಡುವೆ ಕೂದಲೆಳೆಯಷ್ಟು ಸೀಳಿತ್ತು. ಯಾವನೋ ಅರೆಬರೆ ಕೆಲಸ ಮಾಡಿದ್ದಾನೆಂದು ಬೈದುಕೊಂಡು ಎಲ್ಲವನ್ನೂ ಮೆತ್ತಿ, ಮೇಲೆ ಎರಡು ಸಲ ನೀಲಿ ಬಳಿದೆ.

ಮಧ್ಯಾಹ್ನ ಗಾರೆಮೇಸ್ತ್ರಿ ಎವುಲಾಲಿಯೊ ಬಂದ. ಬಂದವನೇ ಗೋಡೆ ನೋಡಿದ.

"ಲೋ ಹೆರ್ಮಿಲೊ, ನಾನಿಟ್ಟ ಸಾಕ್ಷಿ ಎಲ್ಲೋ?"

ಗಾರೆಯವರು ಬಿರುಕಿನ ಮೇಲೆ ಹಾಕುವ ಆ ಪಟ್ಟಿಗೇ ಸಾಕ್ಷಿ ಎನ್ನುತ್ತಾರೆ. ಅದು ಸೀಳಿದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ, ಬಣ್ಣ ಹೊಡೆಯುವ ಭರದಲ್ಲಿ ಹೊಳೆಯದೆ ಮುಚ್ಚಿದ್ದೆ.

"ಸೀಳಿತ್ತಾ? ಬಾಯ್ಬಿಡೋ!"

"ಸ್ವಲ್ಪ... ಕೂದಲೆಳೆಯಷ್ಟು."

"ಅಯ್ಯೋ ನಿನ್ ಮನೆ ಹಾಳಾಗ! ಅದನ್ನ ಹೋಗಿ ಮುಚ್ಚಿದ್ಯಾ?"

ನಾನು ತಿರುಗಿ ನೋಡಿದೆ. ಬೆಳಿಗ್ಗೆ ಬಳಿದ ನೀಲಿಯಲ್ಲಿ ಅದೇ ಜಾಗದಲ್ಲಿ ಬಿಳಿ ಗೆರೆ ಮೂಡುತ್ತಿತ್ತು. ಅದರ ಕೆಳಗೇ ಅತ್ತೆ ಜೋಲಿಯಲ್ಲಿ ಮಲಗಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು.

"ಅತ್ತೆ, ಕಾಲಿಗೆ ಬೀಳ್ತೀನಿ, ಆಚೆ ಬಾ!"

"ಗೋಡೆಗಿಂತ ಮುಂಚೆ ನೀನೇ ಬೀಳ್ತಿದೀಯಲ್ಲೋ. ಅವರು ಬಂದಾಗ ಮನೇಲಿ ಯಾರೂ ಇಲ್ದಿದ್ರೆ ಏನ್ ತಿಳ್ಕೊಂಡಾರು?"

ಗೋಡೆಯೊಳಗೆ ಎಲ್ಲೋ ಟಿಕ್ ಎಂದಿತು. ಎವುಲಾಲಿಯೊ ಜೋಲಿಯ ಒಂದು ತುದಿ ಕೊಕ್ಕೆಯಿಂದ ಬಿಚ್ಚಿದ, ನಾನು ಇನ್ನೊಂದು. ಒದೆಯುತ್ತ ಬೈಯುತ್ತಿದ್ದವಳನ್ನು ಜೋಲಿ ಸಮೇತ ಹೊತ್ತು ಓಡಿದೆವು.

ಹುಣಸೆಮರದ ಬುಡದಲ್ಲಿ ಇಳಿಸಿದೆವು. ಅವಳ ಬೈಗುಳ ಮುಗಿದಿರಲಿಲ್ಲ, ಗೋಡೆ ಕುಸಿದು ಕೂತಿತು. ಹೆಂಚೆಲ್ಲ ಅದರ ಮೇಲೆ ಬಿದ್ದವು. ನಾನು ಅಲ್ಲೇ ಕುಕ್ಕರಿಸಿ ಮಗುವಿನಂತೆ ಅಳತೊಡಗಿದೆ.

ಅತ್ತೆ ಧೂಳಿನ ಕಡೆ ನೋಡಿದಳು. ಆಮೇಲೆ ನೀಲಿ ಮೆತ್ತಿದ್ದ ನನ್ನ ಕೈ ಹಿಡಿದುಕೊಂಡಳು.

"ಬಣ್ಣ ಮಾತ್ರ ಚೆನ್ನಾಗ್ ಹೊಡ್ದಿದ್ದೆ ಕಣೋ," ಎಂದಳು. "ಒಳ್ಳೇ ನನ್ ಸಮಾಧಿ ಥರಾನೇ ಇತ್ತು."