ಕದಿರಮ್ಮನ ಕರಾರು

ಸಾಯುವ ಮುದುಕನಿಗೆ ಬಾಡಿಗೆ ಮನೆ ಕೊಡುವ ಪುಣ್ಯಾತ್ಮ ಹೊಸೂರಿನಲ್ಲಿ ಎಲ್ಲಿದ್ದಾನೆ? ಬಾಯಲ್ಲಿ ಎಲ್ಲರೂ ಧರ್ಮರಾಯರೇ. ಚಿನ್ನಪ್ಪ ಕೆಮ್ಮಿದ್ದು ಕಿವಿಗೆ ಬಿದ್ದರೆ ಸಾಕು, ಮನೆ ನಮ್ಮ ನೆಂಟರಿಗೇ ಬೇಕಂತೆ ಅನ್ನುತ್ತಿದ್ದರು. ಮನೆಯಿಲ್ಲದವರ ಶೆಲ್ಟರು ನೋಡಿಕೊಳ್ಳುವ ಸುಗುಣಾ, ಅವನಿಗೂ ಅವನ ಹೆಂಡತಿ ಆದಿಲಕ್ಷ್ಮಮ್ಮನಿಗೂ ಒಂದು ಕೋಣೆ ಹುಡುಕಿಕೊಂಡು ಅವಲಪಲ್ಲಿಯ ಬೀದಿಗಳಲ್ಲಿ ಚಪ್ಪಲಿ ಸವೆಸಿದಳು. ಕೊನೆಗೆ ಒಪ್ಪಿದವಳು ಕದಿರಮ್ಮ, ಅದೂ ಒಂದು ಕರಾರಿನ ಮೇಲೆ.

"ಉಸಿರು ಹೋಗೋ ಮುಂಚೆ ಅವರ್ನ ಆಚಿಕ್ ಸಾಗಿಸ್ಬೇಕು. ನಮ್ಮತ್ತೆ ಕೆಟ್ಟ ನಕ್ಷತ್ರದಾಗೆ ಹೋಗ್ಬುಟ್ಳು. ಆರು ತಿಂಗ್ಳು ಮನೆಗೆ ಬೀಗ. ಕೈಕೂಸು ಎತ್ಕಂಡು ದನದ ಕೊಟ್ಟಿಗೇಲಿ ಮಲಗಿದೋಳು ನಾನು. ಇನ್ನೊಂದ್ಸಲ ನನ್ ಕೈಲಾಗಕಿಲ್ಲ."

ಆದಿಲಕ್ಷ್ಮಮ್ಮ ಹೂಂ ಅಂದಳು. ಗಂಡ ಗೇಟಿನಾಚೆ ಬಟ್ಟೆಗಂಟಿನ ಮೇಲೆ ಕೂತಿದ್ದ, ಅವನ ಕಿವಿಗೆ ಬಿದ್ದಿಲ್ಲ ಅಂದುಕೊಂಡಳು. ಹೂಂ ಅನ್ನದೆ ಇನ್ನೇನು ಮಾಡುತ್ತಾಳೆ? ಕಂಡವರು ಕಟ್ಟಿಸುವ ಮನೆಗಳಿಗೆ ಕಾವಲಿದ್ದು ಆಯಸ್ಸು ಕಳೆದವರು ಗಂಡ ಹೆಂಡತಿ. ಗೋಡೆ ಎದ್ದು ಗೃಹಪ್ರವೇಶದ ದಿನ ಗೊತ್ತಾದ ಕೂಡಲೇ ತಗಡಿನ ಶೆಡ್ಡು ಕಿತ್ತುಕೊಂಡು ಮುಂದಿನ ಸೈಟಿಗೆ ಹೊರಡಬೇಕು. ಸಿಮೆಂಟಿನ ದೂಳು ಚಿನ್ನಪ್ಪನ ಎದೆಗೆ ಇಳಿದ ಮೇಲೆ ಆ ಕೆಲಸವೂ ಹೋಗಿ ಬಸ್‌ಸ್ಟ್ಯಾಂಡೇ ಗತಿಯಾಯಿತು. ಶೆಲ್ಟರಿನಲ್ಲಿ ಅನ್ನವಿತ್ತು, ಹಾಸಿಗೆಯಿತ್ತು. ಆದರೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಗೋಡೆಯಾಚೆ ಅವನು ಕೆಮ್ಮುವುದನ್ನು ಕೇಳುತ್ತ ಮಲಗುವುದು ಅವಳಿಗೆ ಸಾಕುಸಾಕಾಗಿತ್ತು.

ಕದಿರಮ್ಮ ಕೊಟ್ಟಿದ್ದು ಒಂದೇ ಕೋಣೆ. ಚಿನ್ನಪ್ಪನಿಗೆ ಅದೇ ಅರಮನೆ. ಬೆಳಿಗ್ಗೆ ಎದ್ದು ಬಾಗಿಲಿಗೆ ತಾನೇ ನೀರು ಹಾಕುತ್ತೇನೆಂದು ಹಟ ಹಿಡಿಯುತ್ತಿದ್ದ. "ತಾತ, ರಂಗೋಲಿನೂ ನೀನೇ ಬಿಡ್ತೀಯಾ?" ಎಂದು ಕದಿರಮ್ಮ ರೇಗಿಸಿದರೆ, "ಚುಕ್ಕಿ ನೀನಿಕ್ಕು, ಗೆರೆ ನಾನೆಳೀತೀನಿ" ಅನ್ನುತ್ತಿದ್ದ. ಬೀದಿಯ ಹೆಂಗಸರೆಲ್ಲ ನಗುತ್ತಿದ್ದರು. ಕದಿರಮ್ಮ ಕೆಟ್ಟವಳಲ್ಲ. ಹುರುಳಿಕಾಳು ಸಾರು ಮಾಡಿದ ದಿನ ಒಂದು ಬಟ್ಟಲು ಇವರಿಗೂ ಬರುತ್ತಿತ್ತು.

ಒಂದು ಸಂಜೆ ಮುದ್ದೆ ಮುರಿಯುತ್ತ ಅವನು ಅಂದ, "ಇಲ್ಲೇ ಕಣ್ ಮುಚ್ಕಂಡ್ರೆ ಸಾಕು ಕಣೇ. ಸೂರಿನ ಕೆಳಗೆ ಸತ್ತ ಅಂತ ಹೆಸ್ರಾದ್ರೂ ಉಳೀತದೆ."

ಆದಿಲಕ್ಷ್ಮಮ್ಮನಿಗೆ ಅತ್ತ ದರಿ, ಇತ್ತ ಪುಲಿ. ಕೊಟ್ಟ ಮಾತನ್ನು ಅವನಿಗೆ ಯಾವ ಬಾಯಲ್ಲಿ ಹೇಳುವುದು? ಅವನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು.

ಮಾವಿನ ಕಾಲ ಮುಗಿಯುವಷ್ಟರಲ್ಲಿ ಅವನು ಹಾಸಿಗೆ ಹಿಡಿದ. ಆಸ್ಪತ್ರೆಯವರು ನೋಡಿ, ಮನೆಗೆ ಕರೆದುಕೊಂಡು ಹೋಗಿ ಕೇಳಿದ್ದು ಮಾಡಿ ಹಾಕಿ ಎಂದು ಕಳಿಸಿಬಿಟ್ಟರು. ಮಾರನೆಯ ಬೆಳಿಗ್ಗೆ ಕದಿರಮ್ಮ ಬಾಗಿಲಲ್ಲಿ ಬಂದು ನಿಂತಳು.

"ಅಕ್ಕಯ್ಯ, ಇವತ್ತಿಂದ ನಕ್ಷತ್ರ ಸರಿಗಿಲ್ಲ. ನಾನೇ ಆಟೋ ಕರೀತೀನಿ. ಶೆಲ್ಟರಿಗೆ ಬಿಟ್ಬುಡಾನ." ಅವಳ ಕಣ್ಣಲ್ಲೂ ನೀರಿತ್ತು.

ಆದಿಲಕ್ಷ್ಮಮ್ಮನಿಗೆ ಇಷ್ಟು ದಿನ ಇದ್ದ ಭಯ ಎಲ್ಲಿ ಹೋಯಿತೋ. "ಮಾತು ತಪ್ತೀನಿ ಕದಿರಮ್ಮ, ಬೈಕೊ. ಆಯಪ್ಪ ಇಲ್ಲೇ ಹೋಗ್ಲಿ. ಆಮೇಕೆ ನಾನು ಬಸ್‌ಸ್ಟ್ಯಾಂಡಿಗೇ ಹೋಗ್ತೀನಿ," ಅಂದಳು. ಕದಿರಮ್ಮ ತನ್ನ ಮನೆಯೊಳಗೆ ಹೋದಳು. ಸುಗುಣಾಳನ್ನು ಕರೆಸೋಣವೆಂದು ಆದಿಲಕ್ಷ್ಮಮ್ಮ ಬೀದಿ ತುದಿಯ ಅಂಗಡಿಯಿಂದ ಫೋನು ಮಾಡಿಸಲು ಹೋದಳು. ಹೋಗಿ ಬರುವಷ್ಟರಲ್ಲಿ ಚಾಪೆ ಖಾಲಿ.

ಎದ್ದು ಕೂರಲಾಗದವನು ಹೊಸ್ತಿಲು ದಾಟಿ, ಅಂಗಳ ತೆವಳಿ, ಗೇಟಿನಾಚೆ ರಸ್ತೆಯ ಮಣ್ಣಲ್ಲಿ ಬಿದ್ದಿದ್ದ. ಮೊಣಕೈ ತರಚಿ ರಕ್ತ ಬಂದಿತ್ತು. ಅವಳು ಕಂಕುಳಿಗೆ ಕೈಕೊಟ್ಟು ಎಳೆದರೆ ಅವನು ಗೇಟಿನ ಕಂಬಿ ಹಿಡಿದುಕೊಂಡ.

"ಕದಿರಮ್ಮನ ಕರಾರು ಅವತ್ತೇ ಕೇಳಿಸ್ಕಂಡೆ ಕಣೇ," ಅಂದ. "ನಾನು ಹೋಗೋನು, ನೀನು ಇರೋಳು. ಇಲ್ಲೇ ಇದ್ಬುಡು."

"ನಂಗ್ ಮನೆ ಬ್ಯಾಡ. ಒಳಕ್ ಬಾ."

"ಬರಾಕಿಲ್ಲ."

ಸದ್ದು ಕೇಳಿ ಬಂದ ಕದಿರಮ್ಮ ಗರಬಡಿದವಳಂತೆ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನ ಕಾಲು ಹಿಡಿದಳು. "ನಕ್ಷತ್ರ ಹಾಳಾಗೋಗ್ಲಿ. ಎತ್ತು ಅಕ್ಕಯ್ಯ, ಒಳಕ್ಕೇ ತಗಂಡೋಗಾನ," ಅಂದಳು. ಆದಿಲಕ್ಷ್ಮಮ್ಮ ಕಂಬಿಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೊನೆಯದು ತಾನಾಗಿಯೇ ಬಿಟ್ಟುಕೊಂಡಿತು. ಇಬ್ಬರೂ ಎತ್ತಿಕೊಂಡು ಅಂಗಳ ದಾಟಿ ಬಾಗಿಲಿಗೆ ಬಂದಾಗ ಅವಳು ಗಂಡನ ಮುಖ ನೋಡಿದಳು. ಉಸಿರಿರಲಿಲ್ಲ.

ಹೊರಗೆ ಪ್ರಾಣ ಬಿಟ್ಟವರನ್ನು ಆ ಕಡೆ ಯಾರೂ ಹೊಸ್ತಿಲೊಳಗೆ ತರುವುದಿಲ್ಲ. ಇಬ್ಬರಿಗೂ ಅದು ಗೊತ್ತು. ಆದರೂ ಕದಿರಮ್ಮ ಅಳುತ್ತ, "ನಡಿ ಅಕ್ಕಯ್ಯ, ಯಾರೇನಂದ್ರೂ ಅನ್ಲಿ," ಅಂದಳು.

"ಬ್ಯಾಡ. ಆಯಪ್ಪ ಇಷ್ಟು ಕಷ್ಟಪಟ್ಟು ಈ ಮನೆ ಉಳಿಸ್ಕೊಟ್ಟವ್ನೆ," ಅಂದಳು ಆದಿಲಕ್ಷ್ಮಮ್ಮ. ಇಬ್ಬರೂ ಅವನನ್ನು ವಾಪಸು ಹೊತ್ತುಕೊಂಡು ಹೋಗಿ ರಸ್ತೆಯಲ್ಲೇ ಮಲಗಿಸಿದರು.